ಏಳು ಗೇಣು, ನಾಲ್ಕು ಬೆರಳು

“ಕೈ ಎತ್ತಿ ತೋರಸೂದು ಬ್ಯಾಡ್ರಿ ಪೈಲವಾನ್ರ. ದಿನಾ ಹೆಂಗ ಬರೀತೀರೋ ಹಂಗ ಬರೀರಿ, ಸಾಕು,” ಎಂದೆ.

ಮಲಂಗಸಾಬ ಪೈಲವಾನರು ನನ್ನ ಕಡೆ ನೋಡಲಿಲ್ಲ. ಗರಡಿಯ ಕೆಂಪು ಮಣ್ಣಿನ ಮೇಲೆ ಹಾಸಿದ ಕ್ಯಾನ್ವಾಸಿನ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರು. ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೆ ಮುಟ್ಟಿಸಿಕೊಂಡು ಕುಕ್ಕರಗಾಲಲ್ಲಿ ಕೂತರು.

ಮುಂಬಯಿಯ ಕಲಾ ಸಂಸ್ಥೆಯ ಕಾರ್ಯದರ್ಶಿ ಇಸಾಕ ಸಾಹೇಬರು ಟಿಪ್ಪಣಿ ಪುಸ್ತಕ ಬಿಚ್ಚಿದರು. ಹುಟ್ಟಿದ್ದು ವಿಜಾಪುರದಲ್ಲಿ, ಬೆಳೆದದ್ದು ಮುಂಬಯಿಯಲ್ಲಿ. ತಿಕೋಟಾದ ಬಿಸಿಲಿಗೆ ಅವರ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಮ್ಮನ್ನೆಲ್ಲ ಇಲ್ಲಿಗೆ ಎಳೆದು ತಂದದ್ದು ಪತ್ರಿಕೆಯಲ್ಲಿ ಅಚ್ಚಾದ, ಹೆಸರಿಲ್ಲದ ಒಂದು ಪತ್ರ. ‘ಮಲಂಗಸಾಬನ ಬಲಗೈ ಭುಜದ ಮೇಲೆ ಏಳುವುದಿಲ್ಲ. ಅವನ ಆಳೆತ್ತರದ ಚಿತ್ರಗಳ ಮೇಲ್ಭಾಗ ಯಾರ ಕೈಯದೆಂದು ಕೇಳಿರಿ’ ಎಂದು ಅದರಲ್ಲಿತ್ತು. ಶುಕ್ರವಾರ ಮುಂಬಯಿಯಲ್ಲಿ ಪ್ರದರ್ಶನ. ಅಷ್ಟರೊಳಗೆ ಉತ್ತರ ಸಿಗದಿದ್ದರೆ ಪ್ರದರ್ಶನವೂ ಇಲ್ಲ, ಹದಿನಾಲ್ಕು ವರ್ಷ ಗಳಿಸಿದ ಹೆಸರೂ ಇಲ್ಲ. ಇವತ್ತು ಬುಧವಾರ.

ಪತ್ರ ಬರೆದವರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಬಂದೇನವಾಜ, ನಿವೃತ್ತ ಪೊಲೀಸ್ ಜಮಾದಾರ. ಈಗ ಅಥಣಿ ರಸ್ತೆಯ ಒಂದು ಖೋಲಿಯಲ್ಲಿ ಕೂತು ಜನ ಕಳೆದುಕೊಂಡದ್ದನ್ನು ಹುಡುಕಿಕೊಡುತ್ತೇನೆ. ಪೈಲವಾನರ ಕೆಲಸಕ್ಕೆ ನಾನು ಫೀಜು ಬೇಡ ಎಂದಿದ್ದೆ. ಅದಕ್ಕೆ ಕಾರಣವಿದೆ.

ಇವರು ಕುಸ್ತಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ಕಾಲದಲ್ಲಿ, ಮಿರಜ, ಸಾಂಗಲಿ, ಕೊಲ್ಹಾಪುರದವರೆಗೂ ‘ತಿಕೋಟಾ ಮಲಂಗ’ ಎಂದರೆ ಕಣ ತುಂಬುತ್ತಿತ್ತು. ನಾನು ಆಗ ಸಾದಾ ಪೇದೆ. ಬಂದೋಬಸ್ತಿಗೆಂದು ಹಾಕಿದರೆ, ಜನರನ್ನು ಚದುರಿಸಲು ಕೊಟ್ಟ ಸೀಟಿಯನ್ನು ಇವರು ಎದುರಾಳಿಯನ್ನು ಎತ್ತಿ ಒಗೆದಾಗ ಊದಿ ಮೆಮೊ ತಿಂದವನು. ಆ ನೌಕರಿಯಲ್ಲಿ ನನಗೆ ಸಿಕ್ಕ ಸಂತೋಷವೆಲ್ಲ ಹೆಚ್ಚುಕಡಿಮೆ ಈ ಮನುಷ್ಯ ಕೊಟ್ಟದ್ದು.

ಪೈಲವಾನರು ಕುಂಚ ಅದ್ದಿದರು. ಮೊದಲು ಕೆಳಗಿನ ಹೊಲ. ಆಮೇಲೆ ಕೂತಲ್ಲಿಂದಲೇ, ಏಳದೆ, ಪಾದ ಸರಿಸುತ್ತ ಕ್ಯಾನ್ವಾಸಿನ ಮೇಲ್ತುದಿಗೆ ಹೋದರು. ನಲವತ್ತಾರರ ಆಳು. ನಾನು ಹಾಗೆ ಎರಡು ಹೆಜ್ಜೆ ಸರಿದರೆ ಎಬ್ಬಿಸಲು ಇಬ್ಬರು ಬೇಕು. ಅಲ್ಲಿ ಕೂತು ಆಕಾಶ ಬರೆಯತೊಡಗಿದರು. ಬಲ ಮೊಣಕೈ ಪಕ್ಕೆಲುಬು ಬಿಟ್ಟು ಒಂದು ಅಂಗುಲವೂ ಆಚೆ ಹೋಗಲಿಲ್ಲ.

“ಉಲ್ಟಾ ಬರೀತೀರಿ?” ಇಸಾಕ ಸಾಹೇಬರು ಬಗ್ಗಿ ನೋಡಿದರು.

“ನೀವ್ ನಿಂತ ಕಡಿಂದ ಉಲ್ಟಾ ಕಾಣ್ತೈತ್ರಿ ಸಾಹೇಬ್ರ. ನನಗ ನಾಕೂ ಕಡಿ ಸುಲ್ಟಾ.”

ಇಸಾಕ ಸಾಹೇಬರು ಗೋಡೆಗೆ ಒರಗಿಸಿದ್ದ ಹಳೆಯ ಚಿತ್ರವೊಂದರ ಅಂಚನ್ನು ಉಗುರಿನಿಂದ ಕೆರೆದು ಮೂಸಿದರು. ಬಣ್ಣದೊಳಗೆ ಕೆಂಪು ಕಾಳು ಕಾಳು ಮಣ್ಣು. ಅರಿಶಿಣ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಗರಡಿ ಮಣ್ಣಿನ ವಾಸನೆ ಹದಿನಾಲ್ಕು ವರ್ಷವಾದರೂ ಹೋಗುವುದಿಲ್ಲ.

“ಯಾ ಅಲ್ಲಾ! ನಮ್ಮ ಮುಂಬೈ ಪಂಡಿತರು ಈ ಕಾಳಿನ ಮ್ಯಾಲ ಮೂರು ಪುಟ ಬರದಾರ. ಹೊಸ ಶೈಲಿ ಅಂತ!”

“ಗಾಳಿ ಬಂದಾಗ ಮಣ್ಣು ಹಾರ್ತೈತ್ರಿ,” ಎಂದರು ಪೈಲವಾನರು, ಬಹಳ ಸಂಕೋಚದಿಂದ.

ಇಸಾಕ ಸಾಹೇಬರು ಜೋರಾಗಿ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿಕೊಂಡವು. “ತಪ್ಪಾತ್ರಿ ಪೈಲವಾನ್ರ. ಒಂದು ಹಾಳಿ ಪತ್ರ ನಂಬಿ ನಿಮ್ಮ ಮನಿ ಬಾಗಲಕ್ಕ ತನಿಖಿ ತಂದ್ವಿ. ಈಗ ಪೋಸ್ಟಿಗೆ ಹೋಗಿ ಮುಂಬೈಗೆ ಟ್ರಂಕ್ ಕಾಲ್ ಹಚ್ಚತೇನಿ. ಶುಕ್ರವಾರ ಪ್ರದರ್ಶನ ಆಗೂದ ಖರೆ.”

ಅವರು ಹೋದರು. ನನ್ನ ಕೆಲಸ ಅರ್ಧ ಮುಗಿದಿತ್ತು. ಉಳಿದ ಅರ್ಧ, ಆ ಪತ್ರ ಬರೆದವರು ಯಾರು ಎಂಬುದು, ನನ್ನ ಕೋಟಿನ ಕಿಸೆಯಲ್ಲಿ ಮಡಚಿಕೊಂಡು ಕೂತಿತ್ತು.

ಪೈಲವಾನರು ಹೊಸ ಬಟ್ಟೆಯ ಸುರುಳಿ ಬಿಚ್ಚಿ ಅಳೆಯತೊಡಗಿದರು. ಟೇಪಿಲ್ಲ, ಕೋಲಿಲ್ಲ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಅಗಲಿಸಿ ಗೇಣು ಹಾಕುತ್ತ ಹೋದರು. ಒಂದು, ಎರಡು, ಮೂರು. ಏಳು ಗೇಣಿಗೆ ನಿಂತು, ಮುಂದೆ ನಾಲ್ಕು ಬೆರಳು ಜೋಡಿಸಿಟ್ಟು, ಅಲ್ಲಿ ಇದ್ದಿಲಿನ ಗೆರೆ ಎಳೆದರು.

ಆ ಅಳತೆ ನನಗೆ ಗುರುತಿನದು.

ಕಿಸೆಯ ಪತ್ರ ತೆಗೆದು ಎರಡನೆಯ ಪ್ಯಾರಾ ಓದಿದೆ. ಬಾಯಿಪಾಠವಾಗುವಷ್ಟು ಸಲ ಓದಿದ್ದೆ, ಆದರೂ ಓದಿದೆ. ‘ಬಹುಮಾನ ಬಂದ ಅವನ ಮೊದಲನೆಯ ಚಿತ್ರ ಏಳು ಗೇಣು ನಾಲ್ಕು ಬೆರಳು ಎತ್ತರವಿದೆ. ಅದರ ಬಣ್ಣ ಕೆಳಮುಖವಾಗಿ ಇಳಿದಿದೆ. ನಿಂತುಕೊಂಡು ಬರೆದ ಆ ಕೈ ಯಾವುದು?’

ಆ ಚಿತ್ರ ನನ್ನ ಎದುರಿನ ಗೋಡೆಯ ಮೇಲೇ ಇತ್ತು. ಎರಡೂ ಕಡೆ ತೆನೆ ಹೊತ್ತ ಜೋಳ, ನಡುವೆ ಧೂಳಿನ ರಸ್ತೆ, ಆ ರಸ್ತೆಯಲ್ಲಿ ನಮಗೆ ಬೆನ್ನು ಮಾಡಿ ಓಡುತ್ತಿರುವ ಒಬ್ಬ ತರುಣ ಪೈಲವಾನ. ಎಳೆಬಿಸಿಲು ಅವನ ಭುಜದ ಮೇಲೆ ಬಿದ್ದಿದೆ. ನಿನ್ನೆ ನಾನೇ ಅದನ್ನು ಗೇಣು ಹಾಕಿ ನೋಡಿದ್ದೆ. ನನ್ನ ಗೇಣಿಗೆ ಒಂಬತ್ತು, ಮೇಲೆ ಒಂದು ಬೆರಳು. ಪತ್ರ ಬರೆದವನು ಚಿತ್ರವನ್ನು ಕಣ್ಣಿಂದಲೂ ಕಂಡಿಲ್ಲ ಎಂದು ಇಸಾಕ ಸಾಹೇಬರಿಗೂ ಹೇಳಿ, ಟಿಪ್ಪಣಿ ಬರೆದುಕೊಂಡು ಜಾಣತನದಿಂದ ಮಲಗಿದ್ದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ.

ಇದನ್ನು ಏಳು ಗೇಣಿಗೆ ಮುಗಿಸಬೇಕಾದರೆ ಎಂಥ ಕೈ ಬೇಕು? ಅಂಥ ಕೈ ಈ ತಾಲೂಕಿನಲ್ಲಿ ಎಷ್ಟಿವೆ?

“ಪೈಲವಾನ್ರ, ಆ ಗ್ವಾಡಿ ಮ್ಯಾಲಿನ ಚಿತ್ರ ಒಮ್ಮೆ ಗೇಣ ಹಾಕಿ ತೋರಸ್ರಿ.”

ಅವರ ಕೈ ನಿಂತಿತು. “ಯಾಕ್ರಿ?”

“ಸುಮ್ಮನ.”

“ಅದರ ಅಳತಿ ನನಗ ಗೊತ್ತೈತಿ.”

“ನನಗೂ ಗೊತ್ತಾತ್ರಿ ಈಗ. ಪತ್ರಾ ನೀವ ಬರದೀರಿ.”

ಪೈಲವಾನರು ಕೈಯನ್ನು ಮೆಲ್ಲಗೆ ಹೆಗಲ ಮೇಲಿನ ಶಾಲಿನೊಳಗೆ ಎಳೆದುಕೊಂಡರು. ಆ ಎರಡು ಅಂಗೈ ಎಂದೂ ಯಾರಿಗೂ ಹೆದರಿ ಅಡಗಿದ್ದು ನಾನು ಕಂಡಿರಲಿಲ್ಲ.

“ತನ್ನ ಮನಿಗೆ ತಾನ ಬೆಂಕಿ ಹಚ್ಚವ ಯಾರ ಅದಾನ್ರಿ ಜಮಾದಾರ್ರ?”

“ಅದನ್ನ ನಾ ನಿಮ್ಮನ್ನ ಕೇಳಾಕತ್ತೇನಿ.”

“ಇನ್ನೊಬ್ರ ಕೈನೂ ದೊಡ್ಡದಿರ್ತೈತಿ.”

“ಇರ್ಲಿ. ನಿಮ್ಮ ವೈರಿ ಬರದಿದ್ರ ಒಂದರ ಬೈಗುಳ ಇರ್ತಿತ್ತು. ಇದರಾಗ ಮೋಸಗಾರ ಅಂತಿಲ್ಲ, ಬಹುಮಾನ ಕಸ್ಕೋರಿ ಅಂತಿಲ್ಲ. ಮೂರ ಸಲ ಒಂದ ಮಾತು ಕೇಳೈತಿ. ಆ ಕೈ ಯಾವುದು, ಆ ಕೈ ಯಾವುದು, ಆ ಕೈ ಯಾವುದು. ಬೈಯಾಕ ಬರದ ಪತ್ರ ಅಲ್ರಿ ಇದು. ಯಾರನ್ನೋ ಹುಡಕಾಕ ಬರದದ್ದು.”

 ಪೈಲವಾನರು ಎದ್ದು ಹೋಗಿ ಗೋಡೆಯ ಚಿತ್ರದ ಕೆಳಗೆ ನಿಂತರು. ಅಲ್ಲಿ ಜೋಳದ ಹಸಿರು ಮೂರು ಬೆರಳಿನಷ್ಟು ಕೆಳಗಿಳಿದು ಒಣಗಿತ್ತು. ನೆಲಕ್ಕೆ ಹಾಸಿ ಬರೆದದ್ದಾದರೆ ಬಣ್ಣ ಹಾಗೆ ಇಳಿಯುವುದಿಲ್ಲ.

“ಇದು ನಂದಲ್ರಿ,” ಎಂದರು.

ಅಷ್ಟು ಹೇಳಿ ಮುಗಿಸಿದ ಮೇಲೆ ಅವರ ಮುಖ ಹಗುರಾಯಿತು. ನಾನು ಪೊಲೀಸು ಕೆಲಸದಲ್ಲಿ ಬಹಳ ತಪ್ಪೊಪ್ಪಿಗೆ ಕೇಳಿದ್ದೇನೆ. ಹೇಳಿದವನಿಗೆ ಇಷ್ಟು ನಿರಾಳವಾದದ್ದು ನೋಡಿದ್ದು ಕಡಿಮೆ.

“ಐವತ್ತೊಂಬತ್ತನೇ ಇಸ್ವಿ ನಿಮಗ ನೆನಪ ಐತಲ್ರಿ?”

ನೆನಪಿಲ್ಲದೆ ಏನು? ನಸುಕಿನಲ್ಲಿ ಬಬಲೇಶ್ವರದ ರಸ್ತೆಯಲ್ಲಿ ವ್ಯಾಯಾಮಕ್ಕೆಂದು ಓಡುತ್ತಿದ್ದ ಇವರಿಗೆ ಹಿಂದಿನಿಂದ ಒಂದು ಜೀಪು ಗುದ್ದಿ, ನಿಲ್ಲದೆ ಹೋಗಿತ್ತು. ಬಲಭುಜ ಪುಡಿಯಾಯಿತು. ಹೊನವಾಡದಲ್ಲಿ ಎಲುಬು ಕೂಡಿಸುವವರು ತಿಂಗಳುಗಟ್ಟಲೆ ಕಟ್ಟು ಕಟ್ಟಿದರೂ ಕೈ ಮೇಲೇಳಲಿಲ್ಲ. ಆ ಜೀಪನ್ನು ಹುಡುಕಲು ಹಾಕಿದ ಪೇದೆ ನಾನೇ. ಜಿಲ್ಲೆಯ ಡ್ರೈವರುಗಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದ್ದೆ. ಸಿಗಲಿಲ್ಲ.

“ಆರ ತಿಂಗಳ ಈ ಮಣ್ಣಿನಾಗ ಬಿದ್ದಿದ್ದೆ. ಸಾಯಾಕ ಧೈರ್ಯ ಇಲ್ಲ, ಬದಕಾಕ ಮನಸಿಲ್ಲ. ಒಂದಿನ ಮುಂಜಾನಿ ಎದ್ದು ಬಾಗಲಕ್ಕ ಬಂದ್ರ ಹೊರಗ ಈ ಚಿತ್ರ. ನಾನು! ಓಡಾಕತ್ತೇನಿ! ಭುಜ ಎರಡೂ ನೆಟ್ಟಗ ಅದಾವ!” ಅವರು ಎಡಗೈಯಿಂದ ಚಿತ್ರದ ಭುಜ ಮುಟ್ಟಿದರು. “ಯಾರೋ ನನ್ನನ್ನ ಅಷ್ಟ ಕಣ್ಣತುಂಬ ನೋಡ್ಯಾರಲ್ಲ ಅಂತ ಕೂತು ಅತ್ತೇನ್ರಿ. ಅವತ್ತ ಉಂಡೆ. ಆಮ್ಯಾಲ ಅದನ್ನ ನೆಲಕ್ಕ ಹಾಸಿ, ಮುಂದ ಕೂತು, ಇದ್ದಲಿ ತಗೊಂಡು ಹಂಗ ಬರಿಯಾಕ ಸುರು ಮಾಡಿದೆ. ನಿಂತ ಬರಿಯಾಕ ಕೈ ಏಳಬೇಕಲ್ರಿ.”

“ಬಹುಮಾನ?”

“ಅರವತ್ತೆರಡರಾಗ ಮುಂಬೈಯವ್ರು ಬಂದು ನಾ ಬರದದ್ದರ ಜೋಡಿ ಇದನ್ನೂ ಒಯ್ದರು. ಬಹುಮಾನ ಇದಕ್ಕ ಬಂತು. ಮೈಕಿನಾಗ ನನ್ನ ಹೆಸರ ಕರದ್ರು. ಮೂರ ವರ್ಷದ ಮ್ಯಾಲ ಚಪ್ಪಾಳಿ ಕೇಳಿದ್ದೆ ಜಮಾದಾರ್ರ. ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.”

ಹೊರಗೆ ಬೇವಿನ ಎಲೆ ಸರಸರ ಉದುರಿದವು. ಪೈಲವಾನರು ಮಾತು ಮುಂದುವರಿಸಿದರು.

“ಕಣದಾಗ ಜೋಡಿ ಸಿಗದ ಪೈಲವಾನ ಏನ್ ಮಾಡ್ತಾನ? ಕೈ ಎತ್ತಿ ಸುತ್ತ ಹಾಕತಾನ. ಸೆಣಸವ ಬಂದು ಆ ಕೈ ಹಿಡೀತಾನ. ಹದಿನಾಕ ವರ್ಷ ಈ ಚಿತ್ರ ಹೊತ್ಕೊಂಡು ನಾ ಹಂಗ ಸುತ್ತ ಹಾಕೇನ್ರಿ. ಪುಣೆ, ದಿಲ್ಲಿ, ಮದ್ರಾಸ್. ಮಾರಲಿಲ್ಲ. ಇದರ ಪಕ್ಕ ನಿಂತ ಬಿಡತಿದ್ದೆ, ಇದು ನಂದು ಅಂತ ಒಬ್ರರ ಬರ್ಲಿ ಅಂತ. ಯಾರೂ ಬರಲಿಲ್ಲ. ಸುಮ್ಮನ ಕರದ್ರ ಬಾರದವ್ರನ್ನ ಕೆಣಕಿ ಕರೀಬೇಕು. ಅದಕ್ಕ ಪತ್ರಾ ಬರದೆ. ಪೇಪರಿನಾಗ ಓದಿದ್ರ ಬರ್ತಾರು ಅಂತ.”

“ಇದನ್ನ ಇಸಾಕ ಸಾಹೇಬ್ರಿಗೆ ಹೇಳಿದ್ರ ಶುಕ್ರವಾರದ್ದು ಮುಗೀತು. ಬಹುಮಾನಾನೂ ಹೋಗ್ತೈತಿ, ನಿಮ್ಮ ಹೆಸರೂ ಹೋಗ್ತೈತಿ.”

“ಹೋಗ್ಲಿ ಬಿಡ್ರಿ. ಮನಿ ಆತು, ಮಕ್ಕಳ ಸಾಲಿ ಕಲಿತ್ವು, ನಾಕ ಮಂದಿಯಾಗ ಮಾನಾ ಬಂತು. ಎಲ್ಲಾ ಕೊಟ್ಟವ್ರಿಗೆ ಒಂದ ಶುಕ್ರಿಯಾ ಹೇಳದ ನಾ ಸತ್ರ, ಈ ಮಣ್ಣು ನನ್ನ ಒಳಗ ತಗೋತೈತೇನ್ರಿ? ಅವ್ರನ್ನ ಹುಡಕಿ ಕೊಡ್ರಿ. ನಿಮ್ಮಿಂದ ಅದೊಂದ ಆಗಬೇಕು.”

ನನಗೆ ಸಿಟ್ಟು ಬರಬೇಕಿತ್ತು. ಹದಿನೆಂಟು ದಿನ ನನ್ನನ್ನು ಊರೂರು ಅಲೆಸಿದ್ದರು. ಬರಲಿಲ್ಲ. ಬದಲಿಗೆ ಹಳೆಯ ರೂಢಿಯಂತೆ ಪ್ರಶ್ನೆ ಹಾಕಿದೆ.

“ಯಾರ್ಯಾರನ್ನ ಕೇಳೀರಿ?”

“ವಿಜಾಪುರದಾಗ ಬೋರ್ಡ್ ಬರಿಯೋ ದಾದಾಸಾಬನ್ನ ಕೇಳೇನಿ. ಸಾಲಿ ಡ್ರಾಯಿಂಗ್ ಮಾಸ್ತರ್ನ ಕೇಳೇನಿ. ನಾಟಕ ಕಂಪನಿಗೆ ಪರದೆ ಬರಿಯವ್ರು, ಮೊಹರಮ್ಮಿಗೆ ತಾಬೂತ ಕಟ್ಟವ್ರು, ಒಬ್ಬರನ್ನೂ ಬಿಟ್ಟಿಲ್ಲ.”

“ಚಹಾ ಆರಾಕತ್ತೈತ್ರಿ,” ಎಂದು ಬಾಗಿಲಿನಿಂದ ದನಿ ಬಂತು.

ಅವರ ಹೆಂಡತಿ ಮಾಶಾಬಿ. ಕೈಯಲ್ಲಿ ತಾಟು, ತಾಟಿನಲ್ಲಿ ಮೂರು ಬಸಿ. ಹೊಸ್ತಿಲಿನ ಆಚೆಯೇ ನಿಂತಿದ್ದರು. ಪೈಲವಾನರು ಬಾಗಿಲಿಗೆ ಹೋಗಿ ಎರಡು ಬಸಿ ಇಸಿದುಕೊಂಡು, ನನಗೊಂದು ಕೊಟ್ಟು ಮಣ್ಣಿನ ಮೇಲೆ ಕೂತರು.

“ಒಳಗ ಬರ್ರಿ ತಂಗೀ,” ಎಂದೆ.

“ಗರಡಿಯಾಗ ಹೆಣ್ಣಮಕ್ಕಳು ಕಾಲ ಇಡಬಾರದಲ್ರಿ ಅಣ್ಣಾ. ಈಗಿದು ಚಿತ್ರದ ಖೋಲಿ ಅಂತಾರ ಇವ್ರು. ನನಗ ಕಾಲ ಏಳೂದಿಲ್ಲ.”

ನಾನು ಬಸಿಯನ್ನು ತುಟಿಗೆ ತಂದವನು ಹಾಗೇ ಕೆಳಗಿಟ್ಟೆ.

“ಪೈಲವಾನ್ರ, ಅವತ್ತು ಚಿತ್ರ ಎಲ್ಲಿತ್ತಂದ್ರಿ?”

“ಹೊರಗ. ಬೇವಿನ ಗಿಡಕ್ಕ ಆನಿಸಿಟ್ಟಿದ್ರು.”

“ಬಾಗಲಾ ಹಾಕಿತ್ತೇನು?”

“ಗರಡಿ ಬಾಗಲಾ ಯಾವಾಗ ಹಾಕ್ಯಾರ್ರಿ? ಅವತ್ತು ಹನಿ ಬ್ಯಾರೆ ಬಿದ್ದಿತ್ತು. ಚಿತ್ರದ ಬುಡ ತೊಯ್ದಿತ್ತು.”

“ಆಳೆತ್ತರದ ಚಿತ್ರ ಅಷ್ಟ ದೂರ ಹೊತ್ತು ತಂದವ್ರು, ಮಳಿ ಹನ್ಯಾಕತ್ತಿದ್ರೂ ಎರಡ ಹೆಜ್ಜಿ ಒಳಗ ಯಾಕ ಇಡಲಿಲ್ರಿ? ಬಾಗಲಾ ತೆರದಿತ್ತು. ಗಂಡಸಾಗಿದ್ರ ಒಳಗ ಇಟ್ಟ ಹೋಗ್ತಿದ್ದ.”

 ಪೈಲವಾನರು ಬಾಗಿಲಲ್ಲಿ ನಿಂತ ಹೆಂಡತಿಯನ್ನು ಮೊದಲ ಸಲ ನೋಡಿದವರಂತೆ ನೋಡಿದರು.

“ಹದಿನಾರ ವರ್ಷ,” ಎಂದರು ಮಾಶಾಬಿ, ನಗು ತಡೆದುಕೊಂಡು. “ಊರಾಗಿನ ಗಂಡಸರ ಗಡ್ಡಾ ಹಿಡದ ಕೇಳಿ ಬಂದ್ರು. ನನ್ನ ಒಂದಿನ ಕೇಳಿದ್ರ ಇದು ಹೆಂಗಸಿನ ಕೆಲಸ ಅಂತ ಅಲ್ಲೇ ಹೇಳ್ತಿದ್ನಲ್ರಿ.”

ನ್ಯಾಯವಾಗಿ ಹೇಳುವುದಾದರೆ ಈ ಪತ್ತೇದಾರಿಯ ಶ್ರೇಯಸ್ಸು ನನಗಲ್ಲ, ಆ ಚಹಾದ ತಾಟಿಗೆ ಸಲ್ಲಬೇಕು. ಇನ್ನು ಹುಡುಕುವುದು ಎಲ್ಲಿಂದ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅರವತ್ತರಲ್ಲಿ ಈ ಕಡೆ ಚಿತ್ರ ಕಲಿತ ಹೆಂಗಸರು ಎಷ್ಟು ಮಂದಿ ಇದ್ದಾರು?

ಅಷ್ಟರಲ್ಲಿ ಅಂಗಳದಲ್ಲಿ ಇಸಾಕ ಸಾಹೇಬರ ದನಿ ಕೇಳಿಸಿತು. “ಲೈನ್ ಸಿಕ್ತು ಪೈಲವಾನ್ರ! ಎಲ್ಲಾ ಸರಿ ಐತಿ ಅಂತ ಹೇಳೇನಿ! ಮತ್ತ ನೋಡ್ರಿ, ಇವ್ರು ಬಸ್ ಸ್ಟ್ಯಾಂಡಿನ್ಯಾಗ ನಿಮ್ಮ ಗರಡಿ ಕೇಳಾಕತ್ತಿದ್ರು. ಬಬಲೇಶ್ವರದ ಬಸ್ಸಿಗೆ ಇಳದಾರ.”

ಅವರ ಹಿಂದೆ ಒಬ್ಬ ಹೆಂಗಸು. ಐವತ್ತೈದರ ಆಸುಪಾಸು, ದಪ್ಪ ಕನ್ನಡಕ, ಅಚ್ಚುಕಟ್ಟಾಗಿ ಉಟ್ಟ ಇಳಕಲ್ ಸೀರೆ, ಕೈಯಲ್ಲೊಂದು ಬಟ್ಟೆಯ ಚೀಲ. ಹೊಸ್ತಿಲವರೆಗೆ ಬಂದು, ಮಾಶಾಬಿಯ ಪಕ್ಕದಲ್ಲಿ ತಾವೂ ನಿಂತುಬಿಟ್ಟರು. ಕಣ್ಣು ಮಾತ್ರ ಒಳಗೆ ಬಂದು ಎದುರಿನ ಗೋಡೆಯ ಮೇಲೆ ಕೂತಿತು.

“ನಾನು ಆನಂದೀಬಾಯಿ,” ಎಂದರು. “ಪೇಪರಿನ್ಯಾಗ ಪತ್ರ ಓದಿದೆ. ಹದಿನೆಂಟ ದಿನಾ ನಿದ್ದಿ ಬಂದಿಲ್ಲ ನನಗ. ಇವ್ರ ಮ್ಯಾಲ ಹಂಗ ಬರೀಬಾರದಿತ್ರಿ ಯಾರರೇ. ಆ ಒಂದು ಚಿತ್ರ ನಂದು, ಉಳದದ್ದೆಲ್ಲಾ ಇವ್ರದ. ಅದನ್ನ ಹೇಳಿ ಹೋಗಾಕ ಬಂದೀನಿ.”

ಇಸಾಕ ಸಾಹೇಬರ ಕೈ ಟಿಪ್ಪಣಿ ಪುಸ್ತಕಕ್ಕೆ ಹೋಯಿತು.

“ಅದು ನಿಮ್ಮದು ಅನ್ನಾಕ ಏನರ ಗುರುತು ಐತೇನ್ರಿ?” ನನ್ನೊಳಗಿನ ಹಳೆಯ ಜಮಾದಾರ ಸುಮ್ಮನಿರಲಾರದೆ ಕೇಳಿದ.

“ಹಿಂದ ತಿರುವಿ ನೋಡ್ರಿ. ಮ್ಯಾಲಿನ ಅಂಚಿಗೆ ದಪ್ಪ ಹೊಲಿಗಿ ಅದ. ಕೋಲು ತೂರಸೋ ಅಷ್ಟು ಸಂದು ಬಿಟ್ಟು ಹೊಲದದ್ದು. ಅದು ನಮ್ಮನಿ ಕಿಡಕಿ ಪರದೆರಿ. ನನ್ನ ಕೈಯಾಗ ಬ್ಯಾರೆ ಬಟ್ಟಿ ಇದ್ದಿದ್ದಿಲ್ಲ.”

ತಿರುವಿ ನೋಡುವ ಅಗತ್ಯ ಬೀಳಲಿಲ್ಲ. ಪೈಲವಾನರ ಮುಖವೇ ಹೌದೆಂದಿತು. ಅವರು ಮಣ್ಣಿನಿಂದ ಎದ್ದು ಮೂರೇ ಹೆಜ್ಜೆಗೆ ಹೊಸ್ತಿಲು ದಾಟಿದರು.

“ಇಸಾಕ ಸಾಹೇಬ್ರ, ಬರಕೋರಿ! ಆ ಚಿತ್ರ ಇವ್ರದು. ಬಹುಮಾನ ಇವ್ರದು. ನಾ ಸುಳ್ಳ ಹೇಳೇನಿ, ಹದಿನಾಕ ವರ್ಷ ಸುಳ್ಳ ಹೇಳೇನಿ. ಮುಂಬೈಗೆ ಮತ್ತ ಫೋನ್ ಹಚ್ಚರಿ, ಪ್ರದರ್ಶನ ಬ್ಯಾಡಂದ್ರ ಬ್ಯಾಡ ಬಿಡ್ರಿ!”

ಇಸಾಕ ಸಾಹೇಬರು ನನ್ನ ಮುಖ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಪೈಲವಾನರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹದಿನಾರು ವರ್ಷ ಎದೆಯಲ್ಲಿಟ್ಟುಕೊಂಡ ಮಾತು ಒಮ್ಮೆಲೇ ನುಗ್ಗಿ ಬಂತು. “ಅಮ್ಮಾ, ನಿಮ್ಮಿಂದ ಉಂಡೇನ್ರಿ. ನಿಮ್ಮಿಂದ ಎದ್ದೇನ್ರಿ. ನನ್ನ ಭುಜಾ ನೆಟ್ಟಗ ಮಾಡಿ ನನಗ ತೋರ್ಸಿದವ್ರು ನೀವು. ಪ್ರತಿ ನಮಾಜಿನಾಗ ಹೆಸರ ಗೊತ್ತಿಲ್ಲದ ಒಬ್ರಿಗೆ ದುವಾ ಬೇಡೇನಿ. ಇವತ್ತ ಹೆಸರ ಗೊತ್ತಾತು. ಆನಂದೀಬಾಯಿ! ಮಾಶಾಬಿ, ಕೇಳಿದೇನ? ಆನಂದೀಬಾಯಿ ಅಂತ!”

ಮಾಶಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಗರಡಿಯಲ್ಲಿ ಉಸ್ತಾದರಿಗೆ ಬೀಳುವ ಹಾಗೆ ಪೈಲವಾನರು ಅಂಗಳದ ನೆಲಕ್ಕೆ ಮೊಣಕಾಲೂರಿ, ಆಕೆಯ ಎರಡೂ ಕಾಲು ಹಿಡಿದು ಹಣೆ ಹಚ್ಚಿದರು.

“ಕಾಲ ಬಿಡ್ರಿ,” ಎಂದರು ಆನಂದೀಬಾಯಿ.

ಪೈಲವಾನರು ಬಿಡಲಿಲ್ಲ.

“ಬಿಡ್ರಿ ಅಂದೆ. ಮೊದಲ ಪೂರಾ ಕೇಳ್ರಿ.” ಆಕೆ ಕೈಯಲ್ಲಿದ್ದ ಚೀಲ ಕೆಳಗಿಟ್ಟರು. “ನಿಮಗ ಕಾಣಿಕಿ ಕೊಡಬೇಕು ಅಂತ ನಾ ಅದನ್ನ ಬರೀಲಿಲ್ರಿ. ಕಣ್ಣ ಮುಚ್ಚಿದ್ರ ಅದ ಕಾಣ್ತಿತ್ತು. ಜೋಳದ ಹೊಲಾ, ರಸ್ತಾ, ನಿಮ್ಮ ಬೆನ್ನು. ಬರದು ಮನಿಯಿಂದ ಹೊರಗ ಹಾಕಿದ್ರರೇ ಹೋಗ್ತದ ಅಂತ ಮಾಡಿದ್ದೆ. ಹೋಗಲಿಲ್ಲ.”

“ಅಮ್ಮಾರ,” ಎಂದೆ ನಾನು. ಮುಂದಿನ ಮಾತು ನನಗೆ ಮೊದಲೇ ಹೊಳೆದುಬಿಟ್ಟಿತ್ತು, ಅದನ್ನು ತಡೆಯಬೇಕೆನಿಸಿತು. ತಡೆಯಲಾಗಲಿಲ್ಲ.

“ನಮ್ಮ ಯಜಮಾನ್ರು ರಸ್ತೆ ಗುತ್ತೇದಾರರಿದ್ರು. ನನಗ ಗಾಡಿ ಕಲಸಾಕ ಹತ್ತಿ ಬರೇ ನಾಕ ದಿನಾ ಆಗಿತ್ತು. ಯಾರೂ ನೋಡಬಾರದಂತ ನಸುಕಿನ್ಯಾಗ ಕರಕೊಂಡ ಬರ್ತಿದ್ರು. ನಿಲ್ಲೂಣು, ಇಳದ ನೋಡೂಣು ಅಂತ ನಾ ಚೀರಿದೆ, ಅವ್ರು ನಿಲ್ಲಗೊಡಲಿಲ್ಲ.” ಆಕೆ ಕಣ್ಣು ಮುಚ್ಚಿಕೊಂಡರು. “ಆ ಜೀಪು ನಾನ ಹೊಡೀತಿದ್ದೆ.”

ಮಾಶಾಬಿಯ ಕೈಯಿಂದ ತಾಟು ಜಾರಿ ನೆಲಕ್ಕೆ ಬಿತ್ತು.

ಪೈಲವಾನರ ತಲೆ ಏಳಲಿಲ್ಲ. ಹಣೆ ಇನ್ನೂ ಆಕೆಯ ಪಾದದ ಮೇಲೇ ಇತ್ತು. ಆದರೆ ಅವರ ಕುತ್ತಿಗೆಯ ನರ ಉಬ್ಬುವುದನ್ನು ನಾನು ಕಂಡೆ. ಆಕೆಯ ಕಾಲ ಸುತ್ತ ಹತ್ತೂ ಬೆರಳು ಬಿಗಿಯುತ್ತ ಹೋದವು. ಆನಂದೀಬಾಯಿ ನೋವಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಪೈಲವಾನ್ರ, ಬಿಡ್ರಿ,” ಎಂದೆ.

ಅವರು ಬಿಡಲಿಲ್ಲ.